ಕೋಚಕ್ಕನ ಕೊಬ್ಬಿನ ನಕ್ಷೆ

ಕೋಚಕ್ಕ ನೆಲಕ್ಕೆ ಬಿದ್ದಾಗ ಅದೂ ಒಂದು ಹೊಸ ವ್ಯಾಯಾಮವೇ ಇರಬೇಕು ಅಂದುಕೊಂಡೆವು. ನಗಬೇಡಿ, ನಿಜವಾಗಿಯೂ ಹಾಗೇ ಆಯಿತು. ಬೆಳಗಿನ ಬ್ಯಾಚಿನ ಹೆಂಗಸರು ನಾವು, ರಬ್ಬರ್ ಚಾಪೆಗಳ ಮೇಲೆ ಏದುಸಿರು ಬಿಡುತ್ತ ಕೂತೇಳುತ್ತಿದ್ದೆವು. ಗೋಡೆ ತುಂಬ ಕನ್ನಡಿ, ಕನ್ನಡಿಗೆ ಬೆನ್ನು ಹಾಕಿ ಆಕೆ, ನಮ್ಮ ಜಿಮ್ಮಿನ ಕೋಚ್, ನಮ್ಮೆಲ್ಲರ ಬಾಯಲ್ಲಿ ಕೋಚಕ್ಕ. ಗಟ್ಟಿಯಾಗಿ ಎಣಿಸುತ್ತಿದ್ದವಳು ನಡುವೆ ನಿಲ್ಲಿಸಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಮೊಣಕಾಲೂರಿ, ಹಣೆಯನ್ನು ನೆಲಕ್ಕೆ ತಾಗಿಸಿದಳು. ಮುಂದಿನ ಸಾಲಿನ ಇಬ್ಬರು ತಾವೂ ಹಾಗೇ ಮಾಡಿದರು. ನಾನೂ ಮೊಣಕಾಲೂರಿಬಿಟ್ಟಿದ್ದೆ. ಆಮೇಲೆ ಆಕೆಯ ಬಾಯಿಂದ ಹೊರಟ ಸದ್ದು ಕೇಳಿ ನಾವೆಲ್ಲ ಚಾಪೆ ಬಿಟ್ಟು ಆಕೆಯತ್ತ ಓಡಿದೆವು.

ಆಕೆಗೆ ಕಾಯಿಲೆ ಅನ್ನುವುದೇ ನಮ್ಮ ಬುದ್ಧಿಗೆ ಎಟುಕದ ಮಾತು. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿರುವ ಆ ಜಿಮ್ಮಿಗೆ ನಾವು ಬರುತ್ತಿದ್ದದ್ದೇ ಆಕೆಯ ಮೈಕಟ್ಟು ನೋಡಿ. ತೋಳಿನ ನರಗಳು ಹಗ್ಗ ಹೊಸೆದ ಹಾಗೆ ಎದ್ದು ಕಾಣುತ್ತಿದ್ದವು. ಮೀನಖಂಡ ಕಲ್ಲಿನಲ್ಲಿ ಕಡೆದದ್ದು. ಮೆಟ್ಟಿಲು ಹತ್ತುವಾಗ ತೊಡೆಯ ಸ್ನಾಯುಗಳನ್ನು ಒಂದೊಂದಾಗಿ ಬಿಡಿಸಿ ತೋರಿಸಬಹುದಿತ್ತು. ಸೊಂಟದಿಂದ ಕೆಳಗೆ ಒಂದು ಚಿಟಿಕೆಯಷ್ಟೂ ಕೊಬ್ಬಿಲ್ಲ. ಜಿಮ್ಮಿನ ಮಾಲೀಕ ಆಕೆಯ ಫೋಟೋವನ್ನು ಆಳೆತ್ತರದ ಬೋರ್ಡಿಗೆ ಹಾಕಿಸಿ, 'ನೀವೂ ಹೀಗಾಗಬಹುದು' ಎಂದು ಬರೆಸಿ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿದ್ದ. ಬೆಳಿಗ್ಗೆ ಅದನ್ನು ದಾಟಿ ಮೇಲೆ ಹತ್ತುವಾಗ ನನಗೆ ನನ್ನ ಹೊಟ್ಟೆಯ ಬಗ್ಗೆ ನಾಚಿಕೆಯಾಗುತ್ತಿತ್ತು.

ಮುಖ ಮಾತ್ರ ದುಂಡಗೆ. ಗಲ್ಲದ ಕೆಳಗೆ ಇನ್ನೊಂದು ಗಲ್ಲ, ಕತ್ತಿನ ಹಿಂದೆ ಒಂದು ದಿಂಡು. ಅದೊಂದು ಕರಗುತ್ತಿಲ್ಲವಲ್ಲ ಎಂದು ಆಕೆಗೂ ಕೊರಗು. ಆಕೆಯ ಗಂಡ ಬಸ್ ಚಾಲಕ, ಮನೆಯಲ್ಲಿ ಅಡುಗೆಯೂ ಅವನದೇ. "ನನ್ನ ಅಡುಗೆ ಅವಳ ಮುಖಕ್ಕೆ ಹಿಡಿಸಿದೆ, ಕಾಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ" ಎಂದು ಅವನು ತಮಾಷೆ ಮಾಡುತ್ತಿದ್ದ. ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಅವನ ಬಾಯಿಂದ ಗೊತ್ತಿಲ್ಲದೆ ಎಂಥ ಸತ್ಯ ಬಂದಿತ್ತು ಅನ್ನುವುದು ಆಮೇಲೆ ತಿಳಿಯಿತು.

ಈ ಮೈ ಆಕೆಗೆ ಸುಮ್ಮನೆ ಒಲಿದದ್ದಲ್ಲ ಎಂದೇ ಆಕೆ ನಂಬಿದ್ದಳು. ಮೈನೆರೆಯುವ ವಯಸ್ಸಿನಲ್ಲಿ ಓರಗೆಯ ಹುಡುಗಿಯರ ಮೈ ತುಂಬಿಕೊಳ್ಳುತ್ತಿದ್ದರೆ ಆಕೆಯದು ಬತ್ತುತ್ತಾ ಗಡುಸಾಗತೊಡಗಿತಂತೆ. ಶಾಲೆಯಲ್ಲಿ ಗಂಡುಬೀರಿ ಎಂದು ಕರೆದರು. ಕಾಲು ಕಾಣದ ಹಾಗೆ ಉದ್ದನೆಯ ಬಟ್ಟೆ ಹಾಕಿಕೊಂಡು, ಹಿಂದಿನ ಬೆಂಚಿನಲ್ಲಿ ಕೂತು ವರ್ಷ ಕಳೆದಳು. ಕೊನೆಗೆ ಆಟದ ಮೇಷ್ಟ್ರೊಬ್ಬರು ಆ ಕಾಲು ನೋಡಿ, "ಇದನ್ನ ಮುಚ್ಚಿಡ್ತೀಯಾ? ದಡ್ಡಿ!" ಎಂದು ಬೈದು ಓಟಕ್ಕೆ ನಿಲ್ಲಿಸಿದರು. ಅಂದಿನಿಂದ ಗಂಡುಬೀರಿ ಎಂಬ ಬೈಗುಳವೇ ಬಿರುದಾಯಿತು. ಓಡಿದಳು, ಭಾರ ಎತ್ತಿದಳು, ಬೆವರು ಸುರಿಸಿದಳು. ಆ ಮೈಯನ್ನು ತಾನೇ ದುಡಿದು ಮಾಡಿಕೊಂಡದ್ದು ಎಂದು ತಿಳಿದಳು. ಹೆರಿಗೆಯ ಹೊತ್ತಿಗೆ ಸಕ್ಕರೆ ಕಾಯಿಲೆ ಕಾಣಿಸಿಕೊಂಡು ಹಾಗೇ ಉಳಿಯಿತು. "ಇಷ್ಟು ಗಟ್ಟಿಮುಟ್ಟಾಗಿದ್ದೀರಿ, ನಿಮಗ್ಯಾಕೆ ಬಂತೋ" ಎಂದು ವೈದ್ಯರೊಬ್ಬರು ಮಾತ್ರೆ ಬರೆದುಕೊಟ್ಟರು. ಮಾತ್ರೆ ನುಂಗಿ ಆಕೆ ಇನ್ನಷ್ಟು ಓಡಿದಳು.

ಆವತ್ತು ಮಾಲೀಕನ ಕಾರಿನಲ್ಲಿ ಆಕೆಯನ್ನು ಆಸ್ಪತ್ರೆಗೆ ಕರೆದೊಯ್ದವರಲ್ಲಿ ನಾನೂ ಒಬ್ಬಳು. ತುರ್ತು ವಿಭಾಗದ ಹಸಿರು ಪರದೆಯ ಹಿಂದೆ ಮಲಗಿಸಿದರು. ಗಂಡ ಡ್ಯೂಟಿ ಬಿಟ್ಟು ಓಡಿ ಬಂದ. ಆಕೆಯ ಅಮ್ಮನನ್ನೂ ಕರೆತಂದಿದ್ದ. ಅಮ್ಮ ಸಣ್ಣ ಆಳು, ಬೆಳ್ಳಗಾದ ಕೂದಲು, ಇಡೀ ಬದುಕನ್ನು ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕಳೆದ ಬೆನ್ನು. ಮಗಳ ಹಣೆಯ ಮೇಲೆ ಕೈಯಿಟ್ಟು ನಿಂತರು. ಎಳೆಯ ವೈದ್ಯನೊಬ್ಬ ಬಂದು ಹೊಟ್ಟೆ ಒತ್ತಿ ನೋಡಿ, ಬಂದ ವರದಿ ಓದಿ, ತಲೆಯೆತ್ತದೆ ಕೇಳಿದ:

"ದಿನಾ ಎಷ್ಟು ಕುಡೀತೀರಿ?"

"ನೀರಾ? ಬೇಕಾದಷ್ಟು ಕುಡೀತೀನಿ," ಅಂದಳು ಕೋಚಕ್ಕ ಹಲ್ಲು ಕಚ್ಚಿಕೊಂಡೇ.

"ನೀರಲ್ಲ ಮೇಡಂ, ಮದ್ಯ. ನಿಮ್ಮ ಮೇದೋಜ್ಜೀರಕ ಊದಿಕೊಂಡಿದೆ. ಹೊಟ್ಟೆ ಒಳಗೆ ಹಿಂದುಗಡೆ ಇರುತ್ತಲ್ಲ, ಊಟ ಅರಗಿಸೋ ಗ್ರಂಥಿ, ಅದು. ಕುಡಿಯೋರಿಗೇ ಇದು ಜಾಸ್ತಿ ಬರೋದು. ಮುಚ್ಚಿಡಬೇಡಿ."

"ನಾನು ಮುಟ್ಟೋದೂ ಇಲ್ಲ!"

"ಎಲ್ಲರೂ ಹಾಗೇ ಹೇಳ್ತಾರೆ," ಎಂದು ಅವನು ಬರೆದುಕೊಂಡ.

ನಾನು ಅಮ್ಮನ ಮುಖ ನೋಡಿದೆ. ಹಣೆಯ ಮೇಲಿದ್ದ ಕೈಯನ್ನು ಬಿಸಿ ತಗುಲಿದವರಂತೆ ಹಿಂದಕ್ಕೆ ಎಳೆದುಕೊಂಡರು.

"ನೀನೂನಾ?" ಅಂದರು. "ಅಪ್ಪನ ರಕ್ತ ಎಲ್ಲಿಗೆ ಹೋಗುತ್ತೆ."

"ಅಮ್ಮಾ, ಏನು ಮಾತಾಡ್ತಿದ್ದೀಯ?"

ಅಮ್ಮ ಪರದೆ ಸರಿಸಿ ಹೊರಗೆ ಹೋಗಿ ಬೆಂಚಿನ ಮೇಲೆ ಕೂತರು. ಹೊಟ್ಟೆನೋವಿಗಿಂತ ಆ ಒಂದು ಮಾತು ತನ್ನನ್ನು ಹೆಚ್ಚು ಹಿಂಡಿತು ಎಂದು ಕೋಚಕ್ಕ ಇವತ್ತಿಗೂ ಹೇಳುತ್ತಾಳೆ.

ಆ ಮಾತಿನ ಹಿಂದೆ ಒಂದು ಕಥೆಯಿತ್ತು. ಆಕೆಯ ಅಪ್ಪ ಮೇಜು ಕುರ್ಚಿ ಬೀರುಗಳಿಗೆ ಪಾಲಿಶ್ ಹಚ್ಚುವ ಕೆಲಸಗಾರ. ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಬಟ್ಟೆಯ ಉಂಡೆಯಲ್ಲಿ ಅದ್ದಿ, ಮರ ಹೊಳೆಯುವವರೆಗೂ ತಿಕ್ಕುವ ಕೆಲಸ ಅದು. ಗಟ್ಟಿ ತೋಳು, ಎದ್ದ ನರ. ಅವರ ಮೈಯಿಂದ, ಬಟ್ಟೆಯಿಂದ, ಉಸಿರಿನಿಂದ ಯಾವಾಗಲೂ ಸ್ಪಿರಿಟ್ ವಾಸನೆ. ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿದ್ದಾಗ ಅವರಿಗೆ ಹೊಟ್ಟೆನೋವು ಶುರುವಾಯಿತು. ಬಂದಾಗ ಹೀಗೇ ನೆಲ ಹಿಡಿಯುತ್ತಿದ್ದರು. ಆಗಿನ ವೈದ್ಯರು ಹೇಳಿದ್ದೂ ಇದೇ ಮಾತು: ಇದು ಕುಡಿತದ ಹೊಟ್ಟೆನೋವು.

"ಒಂದು ತೊಟ್ಟೂ ಮುಟ್ಟಿಲ್ಲ" ಎಂದು ಅವರು ಹೆಂಡತಿಯ ಮುಂದೆ ಆಣೆ ಮಾಡಿದರು. ಆದರೆ ಮೂಗಿಗೆ ಬಡಿಯುವ ವಾಸನೆಯನ್ನು ಹೆಂಡತಿ ನಂಬುತ್ತಾಳೋ, ಬಾಯಿಮಾತನ್ನು ನಂಬುತ್ತಾಳೋ? ಪಾಲಿಶಿನ ಸ್ಪಿರಿಟ್ಟನ್ನೇ ಕುಡಿಯುತ್ತಿದ್ದಾರೆ ಎಂದು ಅವರು ತೀರ್ಮಾನಿಸಿಬಿಟ್ಟರು. ಬಾಟಲಿಗಳನ್ನೆಲ್ಲ ಮೋರಿಗೆ ಸುರಿದರು. ಅಪ್ಪನನ್ನು ಹೊರಗಿನ ಪಡಸಾಲೆಯಲ್ಲಿ ಮಲಗಲು ಹೇಳಿದರು. ಮಾತು ಬಿಟ್ಟರು. ಅಪ್ಪ ತೀರಿಕೊಂಡದ್ದು ಹಾಗೇ, ಹೆಂಡತಿ ಮಾತು ಬಿಟ್ಟಿದ್ದ ದಿನಗಳಲ್ಲೇ. ಇನ್ನೂ ತಲೆ ನರೆತಿರಲಿಲ್ಲ. ಆಮೇಲೆ ಆ ಮನೆಯಲ್ಲಿ ಅಪ್ಪನ ವಿಷಯ ಎತ್ತಿದರೆ ಅಮ್ಮ ಎದ್ದು ಒಳಗೆ ಹೋಗುತ್ತಿದ್ದರು. 'ಕುಡಿದು ಸತ್ತ ಅಪ್ಪ' ಅನ್ನುವುದಷ್ಟೇ ಮಕ್ಕಳ ಪಾಲಿಗೆ ಉಳಿಯಿತು. ಕೋಚಕ್ಕನ ತಮ್ಮ ಗೋಡೆಗೆ ಬಣ್ಣ ಹೊಡೆಯುವ ಕೆಲಸ ಮಾಡುತ್ತಾನೆ. ಅಪ್ಪನ ಹಾದಿ ಹಿಡಿದೇನು ಎಂಬ ಹೆದರಿಕೆಗೆ ಅವನು ಮದುವೆ ಮನೆಯಲ್ಲಿ ತಂಪು ಪಾನೀಯವನ್ನೂ ಮೂಸಿ ನೋಡಿಯೇ ಕುಡಿಯುತ್ತಾನೆ.

ಇತ್ತ ಆಸ್ಪತ್ರೆಯಲ್ಲಿ ಮೊದಲ ಆಘಾತದಿಂದ ಚೇತರಿಸಿಕೊಳ್ಳುವ ಮುಂಚೆಯೇ ಎರಡನೆಯದು ಬಂತು. ಲ್ಯಾಬಿನವನು ವರದಿ ಕಳಿಸುವ ಬದಲು ತಾನೇ ಮಹಡಿ ಹತ್ತಿ ಬಂದಿದ್ದ, ಕೈಯಲ್ಲಿ ಗಾಜಿನ ಕೊಳವೆ. ಎಳೆಯ ವೈದ್ಯನಿಗೆ ಅದನ್ನು ತೋರಿಸಿ ಅಂದ:

"ಇದು ನಿಮ್ಮ ಪೇಷಂಟ್ ರಕ್ತಾನೇನಾ ಅಂತ ಕೇಳೋಣ ಅಂತ ಬಂದೆ. ಸ್ವಲ್ಪ ಹೊತ್ತು ನಿಲ್ಲಿಸಿಟ್ಟಿದ್ದಕ್ಕೆ ಹೀಗಾಗಿದೆ."

ನಾನು ಕಣ್ಣಾರೆ ಕಂಡೆ. ಕೆಳಗೆ ಕೆಂಪು, ಮೇಲೆ ಹಾಲು. ಹಾಲಿನ ಹಾಗೆ ಎಂದರೆ ಸಾಲದು, ಹಾಲೇ, ಕೆನೆಗಟ್ಟಿದ ಹಾಲು. ಕೋಚಕ್ಕನ ಗಂಡ ಅದನ್ನು ಇಸಿದುಕೊಂಡು ಬೆಳಕಿಗೆ ಹಿಡಿದ.

"ಇದೇನ್ರೀ ಇದು?"

"ಕೊಬ್ಬು ಸಾರ್. ರಕ್ತದಲ್ಲಿ ತೇಲ್ತಾ ಇರೋ ಕೊಬ್ಬು."

"ಅವಳ ಮೈಯಲ್ಲಿ ಕೊಬ್ಬೇ ಇಲ್ಲವಲ್ರೀ!" ಎಂದು ಅವನು ಕಿರುಚಿಬಿಟ್ಟ. ಅಕ್ಕಪಕ್ಕದ ಹಾಸಿಗೆಯವರೆಲ್ಲ ತಿರುಗಿ ನೋಡಿದರು.

ಅದನ್ನು ಕೇಳಿಸಿಕೊಂಡು ಬಂದವರು ಹಾರ್ಮೋನು ಕಾಯಿಲೆಗಳ ಡಾಕ್ಟರಮ್ಮ. ಕನ್ನಡಕವನ್ನು ನೆತ್ತಿಯ ಮೇಲೇರಿಸಿಕೊಂಡ, ನಿಧಾನ ಮಾತಿನ ಹೆಂಗಸು. ಅವರು ಮೊದಲು ವರದಿ ನೋಡಲಿಲ್ಲ, ಕಾಲು ನೋಡಿದರು. ಹೊದಿಕೆ ಸರಿಸಿ, ತೊಡೆಯ ಚರ್ಮವನ್ನು ಎರಡು ಬೆರಳಲ್ಲಿ ಚಿವುಟಿ ಎತ್ತಿದರು. ಕಾಗದದಷ್ಟು ತೆಳ್ಳಗೆ ಬಂತು. ತಮ್ಮ ಮುಂಗೈಯನ್ನೂ ಹಾಗೇ ಚಿವುಟಿ ಪಕ್ಕದಲ್ಲಿ ಹಿಡಿದು ಹೋಲಿಸಿದರು. ಮೊಣಕೈಯ ಮೇಲಿನ ಸಣ್ಣ ಹಳದಿ ಗುಳ್ಳೆಗಳನ್ನು ಸವರಿದರು. ಕತ್ತಿನ ಹಿಂದಿನ ದಿಂಡನ್ನು ಮುಟ್ಟಿದರು.

"ಈ ಕಾಲು ಯಾವಾಗಿನಿಂದ ಹೀಗಿದೆ?"

"ಚಿಕ್ಕವಳಿದ್ದಾಗಿಂದ ವ್ಯಾಯಾಮ ಮಾಡ್ತೀನಿ ಡಾಕ್ಟ್ರೇ."

"ವ್ಯಾಯಾಮಕ್ಕೆ ಮುಂಚೆ ಹೀಗಾಯ್ತಾ, ಆಮೇಲಾ?"

ಕೋಚಕ್ಕ ತನ್ನ ಕಾಲಿನ ಕಡೆ ನೋಡಿದಳು. ಅಷ್ಟು ವರ್ಷಗಳಲ್ಲಿ ಆಕೆಯನ್ನು ಯಾರೂ ಆ ಪ್ರಶ್ನೆ ಕೇಳಿರಲಿಲ್ಲ, ಆಕೆಯೂ ಕೇಳಿಕೊಂಡಿರಲಿಲ್ಲ.

"ಮುಂಚೆ," ಅಂದಳು ಕೊನೆಗೆ, ಬಹಳ ಸಣ್ಣಗೆ.

"ಕುಡಿತದ ಮಾತು ಬಿಡೋಣ. ನನಗೆ ನಿಮ್ಮ ಮೈಯ ಚಿತ್ರ ಬೇಕು," ಅಂದರು ಡಾಕ್ಟರಮ್ಮ.

ನೋವು ಇಳಿದ ಮೇಲೆ ಆಕೆಯನ್ನು ಕೆಳಮಹಡಿಯ ಸ್ಕ್ಯಾನ್ ಕೋಣೆಗೆ ಒಯ್ದರು. ಮೂಳೆಯ ಸವೆತ ನೋಡುವುದಕ್ಕೆ ವಯಸ್ಸಾದವರನ್ನು ಮಲಗಿಸುವ ಮೇಜು ಅದು. ಅದೇ ಯಂತ್ರ ಮೈಯಲ್ಲಿ ಎಲ್ಲೆಲ್ಲಿ ಎಷ್ಟೆಷ್ಟು ಕೊಬ್ಬಿದೆ ಎಂಬುದನ್ನೂ ಅಳೆಯುತ್ತದೆ ಎಂದು ನಮಗೆ ಗೊತ್ತಿರಲಿಲ್ಲ. ಸುರಂಗವಿಲ್ಲ, ಸದ್ದಿಲ್ಲ. ಅಂಗಾತ ಮಲಗಿದವಳ ಮೇಲೆ ಒಂದು ತೋಳು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ಹಾದುಹೋಯಿತು. ಯಂತ್ರ ನಡೆಸುವ ಹೆಂಗಸು ಪರದೆ ನೋಡುತ್ತ ಒಂದು ಗುಂಡಿ ಒತ್ತಿದಳು, ಹುಬ್ಬು ಗಂಟಿಕ್ಕಿದಳು, ಮತ್ತೆ ಒತ್ತಿದಳು.

"ಇನ್ನೊಂದು ಸಲ ತೆಗೀತೀನಿ, ಅಲುಗಾಡಬೇಡಿ. ಯಂತ್ರದ್ದೇ ಏನೋ ತೊಂದರೆ ಇರಬೇಕು."

ಯಂತ್ರದ್ದು ಏನೂ ತೊಂದರೆ ಇರಲಿಲ್ಲ.

ಡಾಕ್ಟರಮ್ಮ ಆ ಚಿತ್ರವನ್ನು ತೋರಿಸುವಾಗ ಗಂಡ ಪಕ್ಕದಲ್ಲಿದ್ದ. ಬಾಗಿಲ ಬಳಿ ನಾನಿದ್ದೆ, ಆಕೆಯೇ ಇರಿ ಅಂದಿದ್ದಳು. ಅಮ್ಮ ಒಳಗೆ ಬರಲಿಲ್ಲ. ಪರದೆಯ ಮೇಲೆ ಎರಡು ಮೈಗಳು ಅಕ್ಕಪಕ್ಕ. ಎಡಗಡೆಯದು ಯಾರೋ ಬೇರೆ ಹೆಂಗಸಿನದು. ಹೆಸರಿಲ್ಲ, ಮುಖವಿಲ್ಲ. ಹೆಚ್ಚುಕಡಿಮೆ ಅದೇ ಎತ್ತರ, ಅದೇ ತೂಕ, ಅದೇ ವಯಸ್ಸು. ಕೊಬ್ಬಿಗೆ ಹಳದಿ ಬಣ್ಣ ಕೊಟ್ಟಿದ್ದರು. ಆ ಹೆಂಗಸಿನ ತೋಳು, ಸೊಂಟ, ತೊಡೆ, ಕಾಲುಗಳ ಸುತ್ತ ಹಳದಿ ಒಂದೇ ಸಮನೆ ಹಬ್ಬಿಕೊಂಡಿತ್ತು. ಬಲಗಡೆ ಕೋಚಕ್ಕ. ಕತ್ತಿನ ಸುತ್ತ ಹಳದಿ, ಗಲ್ಲದಲ್ಲಿ ಹಳದಿ, ಹೊಟ್ಟೆಯ ನಡುವೆ ಒಂದು ಮುದ್ದೆ. ಸೊಂಟದಿಂದ ಕೆಳಗೆ ಏನೂ ಇಲ್ಲ. ಕಾಲುಗಳು ಬರೀ ಮೂಳೆ, ಮಾಂಸ.

"ನನ್ನ ಕಾಲು ಚೆನ್ನಾಗೇ ಇದೆಯಲ್ಲ," ಅಂದಳು ಆಕೆ. ಪರೀಕ್ಷೆಯಲ್ಲಿ ಕಡಿಮೆ ಅಂಕ ಬಂದ ಮಗುವಿನ ದನಿಯಲ್ಲಿ.

"ಮೊದಲನೇ ಸಲ ನೋಡಿದಾಗ ನನಗೂ ಹಾಗೇ ಅನ್ನಿಸಿತ್ತು," ಅಂದರು ಡಾಕ್ಟರಮ್ಮ. "ಅದಕ್ಕೇ ಇದು ಯಾರ ಕಣ್ಣಿಗೂ ಬೀಳಲ್ಲ. ಗಟ್ಟಿಯಾಗಿದ್ದಾರೆ ಅಂತ ಹೊಗಳಿ ಕಳಿಸ್ತಾರೆ. ನೋಡಿ, ಊಟದಲ್ಲಿ ಮಿಕ್ಕ ಕೊಬ್ಬನ್ನ ಮೈ ಚರ್ಮದ ಕೆಳಗೆ ತುಂಬಿಡುತ್ತೆ. ಅದು ಅದರ ಉಗ್ರಾಣ. ನಿಮ್ಮ ಮೈ ಕೈಕಾಲಿನ ಉಗ್ರಾಣಾನ ಕಟ್ಟಲೇ ಇಲ್ಲ. ಹಾಗಂತ ಸಾಮಾನು ಬರೋದು ನಿಲ್ಲುತ್ತಾ? ಜಾಗ ಸಿಕ್ಕಲ್ಲಿ ಸುರಿದುಕೊಳ್ಳುತ್ತೆ. ಕತ್ತಿಗೆ, ಯಕೃತ್ತಿಗೆ, ರಕ್ತಕ್ಕೆ. ರಕ್ತ ಹಾಲಾಗಿದ್ದು ಹಾಗೆ. ಮೇದೋಜ್ಜೀರಕ ಊದಿದ್ದು ಹಾಗೆ. ಸಕ್ಕರೆ ಕಾಯಿಲೆ ಬಂದಿದ್ದೂ ಹಾಗೇ."

ಆಮೇಲೆ ಎಂಆರ್‌ಐ ಚಿತ್ರವನ್ನೂ ತೆಗೆಸಿದರು. ಅದರಲ್ಲಿ ಕೊಬ್ಬು ಬೆಳ್ಳಗೆ ಹೊಳೆಯುತ್ತದೆ. ತೊಡೆಯನ್ನು ಅಡ್ಡ ಕತ್ತರಿಸಿ ನೋಡಿದರೆ ಹೇಗೋ ಹಾಗಿತ್ತು ಅದು. ಬೇರೆಯವರ ತೊಡೆಯ ಸುತ್ತ ದಪ್ಪನೆಯ ಬಿಳಿ ಅಂಚು. ಕೋಚಕ್ಕನದಕ್ಕೆ ಪೆನ್ಸಿಲಿನಲ್ಲಿ ಎಳೆದಷ್ಟೂ ಇಲ್ಲ. ಯಕೃತ್ತು ಮಾತ್ರ ಇರಬಾರದಷ್ಟು ಬೆಳ್ಳಗೆ.

"ಹಾಗಾದ್ರೆ..." ಆಕೆ ಪರದೆಯಿಂದ ಕಣ್ಣು ಕೀಳಲಿಲ್ಲ. "ನಾನು ಇಷ್ಟು ವರ್ಷ ಎಲ್ಲರಿಗೂ ತೋರಿಸ್ತಾ ಇದ್ದಿದ್ದು ಕಾಯಿಲೇನಾ?"

ಗಂಡ ಆಕೆಯ ಭುಜದ ಮೇಲೆ ಕೈಯಿಟ್ಟ. ನನಗೆ ಮೆಟ್ಟಿಲ ಬುಡದ ಆ ಬೋರ್ಡು ಕಣ್ಣ ಮುಂದೆ ಬಂತು. ನಾವೆಲ್ಲ ಕೈಮುಗಿಯುವುದೊಂದು ಬಾಕಿ ಇಟ್ಟು ನೋಡುತ್ತಿದ್ದ ಚಿತ್ರ ಅದು.

"ಸ್ನಾಯು ನೀವು ದುಡಿದದ್ದೇ," ಅಂದರು ಡಾಕ್ಟರಮ್ಮ. "ಅದು ನಿಮ್ಮದು, ಯಾರೂ ಕಿತ್ತುಕೊಳ್ಳಲ್ಲ. ನೀವು ಓಡಿದ್ದಕ್ಕೇ ಇಷ್ಟು ವರ್ಷ ತಡೆದುಕೊಂಡಿದ್ದೀರಿ. ಆದರೆ ಅದರ ಮೇಲೆ ಕೊಬ್ಬಿನ ಹೊದಿಕೆ ಇಲ್ಲದೆ ಇರೋದು ಕಾಯಿಲೆ." ಕಡತ ತೆರೆದು ಕೇಳಿದರು. "ಇದು ಮನೆತನದಲ್ಲಿ ಬರುತ್ತೆ. ನಿಮ್ಮ ಕಡೆ ಯಾರಿಗಾದ್ರೂ ಇಂಥದ್ದೇ ಹೊಟ್ಟೆನೋವು ಬಂದಿತ್ತಾ?"

ಕೋಚಕ್ಕ ಗಂಡನ ಮುಖ ನೋಡಿದಳು.

"ಅಪ್ಪನಿಗೆ. ಅವರು... ಕುಡೀತಿದ್ರು."

"ಕುಡಿಯೋದನ್ನ ನೀವು ನೋಡಿದ್ರಾ?"

"ಇಲ್ಲ."

"ಅಮ್ಮ ನೋಡಿದ್ರಾ?"

ಆಕೆ ಬಾಗಿಲ ಕಡೆ ತಿರುಗಿದಳು. ಬಾಗಿಲಾಚೆ, ಬೆಂಚಿನ ಮೇಲೆ, ಅಮ್ಮ ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಗೋಡೆ ನೋಡುತ್ತ ಕೂತಿದ್ದರು.

ತಮ್ಮನನ್ನು ಕರೆಸಿದರು. ಬಣ್ಣ ಮೆತ್ತಿದ ಪ್ಯಾಂಟಿನಲ್ಲೇ ಬಂದ. ಎತ್ತರದ ಏಣಿಯ ಮೇಲೆ ಒಂದೇ ಕಾಲಲ್ಲಿ ನಿಲ್ಲುವವನು ಸ್ಕ್ಯಾನ್ ಮೇಜಿನ ಮೇಲೆ ಮಲಗುವುದಕ್ಕೆ ಮಾತ್ರ ನಡುಗಿದ. "ಅಕ್ಕಾ, ಕರೆಂಟ್ ಹೊಡೆಯಲ್ಲ ತಾನೇ?" ಎಂದು ಮತ್ತೆ ಮತ್ತೆ ಕೇಳಿದ. ಗಂಡಸರಲ್ಲಿ ಇದು ಕಣ್ಣಿಗೆ ಕಾಣುವುದೇ ಕಷ್ಟವಂತೆ, ಗಂಡಸಿನ ಕಾಲು ಗಟ್ಟಿಯಿದ್ದರೆ ಯಾರು ಅನುಮಾನ ಪಡುತ್ತಾರೆ? ಆದರೆ ಚಿತ್ರ ಬಂದಾಗ ಅದು ಅಕ್ಕನ ಚಿತ್ರದ ಪಡಿಯಚ್ಚು. ಅವನ ರಕ್ತದಲ್ಲೂ ಕೊಬ್ಬು ಏರಿತ್ತು. ನೋವು ಇನ್ನೂ ಬಂದಿರಲಿಲ್ಲ, ಅಷ್ಟೇ.

"ಚಿತ್ರ ಒಂದನ್ನೇ ನಂಬಿ ತೀರ್ಪು ಕೊಡಲ್ಲ," ಎಂದರು ಡಾಕ್ಟರಮ್ಮ. "ಎಲ್ಲಿ ಹುಡುಕಬೇಕು ಅಂತ ಅದು ತೋರಿಸ್ತು." ಮೂವರ ರಕ್ತವನ್ನೂ ವಂಶವಾಹಿಯ ಪರೀಕ್ಷೆಗೆ ಕಳಿಸಿದರು. ಅಮ್ಮ ತೋಳು ಚಾಚಿ ರಕ್ತ ಕೊಟ್ಟರು, ಯಾಕೆ ಎಂದು ಕೇಳಲಿಲ್ಲ.

ಫಲಿತಾಂಶ ಬರುವಷ್ಟರಲ್ಲಿ ಕೋಚಕ್ಕ ಮನೆಗೆ ಬಂದಿದ್ದಳು. ಎಲ್ಲರನ್ನೂ ಡಾಕ್ಟರಮ್ಮ ತಮ್ಮ ಕೋಣೆಗೆ ಕರೆದರು. ಅವತ್ತು ಅಮ್ಮ ಒಳಗೆ ಬಂದರು. ನಡೆದದ್ದನ್ನು ಕೋಚಕ್ಕ ನನಗೆ ಹೇಳಿದ್ದು ಹೀಗೆ. ಅಕ್ಕ ತಮ್ಮ ಇಬ್ಬರಲ್ಲೂ ಒಂದೇ ವಂಶವಾಹಿಯಲ್ಲಿ ಒಂದೇ ದೋಷ ಸಿಕ್ಕಿತ್ತು. ಅಮ್ಮನ ರಕ್ತದಲ್ಲಿ ಅದಿರಲಿಲ್ಲ.

"ಅಂದ್ರೆ?" ಅಂದ ತಮ್ಮ.

"ಅಂದ್ರೆ ನಿಮ್ಮಿಬ್ಬರಿಗೂ ಇದು ಅಪ್ಪನ ಕಡೆಯಿಂದ ಬಂದಿರಬೇಕು. ಅವರಿಲ್ಲ, ಅವರ ಚಿತ್ರ ನಾನು ತೆಗೆಯೋಕಾಗಲ್ಲ. ಆದರೆ ಬೇರೆ ದಾರಿ ನನಗೆ ಕಾಣ್ತಾ ಇಲ್ಲ." ಅವರು ಅಮ್ಮನ ಕಡೆ ತಿರುಗಿದರು. "ಅಮ್ಮ, ಅವರು ಕುಡೀತಿದ್ರೋ ಇಲ್ವೋ ನಾನು ಹೇಳಲಾರೆ. ಆದರೆ ಒಂದು ತೊಟ್ಟು ಮುಟ್ಟದೇ ಇದ್ದೋರೂ ಈ ಹೊಟ್ಟೆನೋವಲ್ಲಿ ಸಾಯಬಹುದು. ನಿಮ್ಮ ಮಗಳು ಸ್ವಲ್ಪದರಲ್ಲಿ ಉಳಿದರು."

ಅಮ್ಮ ಪರದೆಯ ಮೇಲಿದ್ದ ಇಬ್ಬರು ಮಕ್ಕಳ ಚಿತ್ರವನ್ನೇ ನೋಡುತ್ತಿದ್ದರು. ಅದರಿಂದ ಕಣ್ಣು ತೆಗೆಯದೆ ಕೇಳಿದರು:

"ಆಗ ಈ ಯಂತ್ರ ಇರಲಿಲ್ವಾ?"

"ಎಲ್ಲೋ ದೊಡ್ಡ ಆಸ್ಪತ್ರೆಗಳಲ್ಲಿ ಇದ್ದಿರಬಹುದು. ಇದ್ದಿದ್ರೂ ತೆಗೆಸಬೇಕು ಅಂತ ಯಾರಿಗೂ ಹೊಳೀತಿರಲಿಲ್ಲ. ಕುಡೀತಾರೆ ಅಂತ ಒಂದು ಸಲ ಬರೆದಾದ ಮೇಲೆ ಮುಂದಕ್ಕೆ ಯಾರೂ ಹುಡುಕೋಕೆ ಹೋಗಲ್ಲ."

"ಬರೆಸಿದ್ದು ನಾನು," ಅಂದರು ಅಮ್ಮ.

ಮಕ್ಕಳಿಬ್ಬರೂ ಅವರತ್ತ ತಿರುಗಿದರು. ಇದು ಅವರಿಗೂ ಗೊತ್ತಿರಲಿಲ್ಲ.

"ಡಾಕ್ಟರು ಅವರನ್ನ ಕೇಳಿದ್ರು. ಅವರು ಇಲ್ಲ ಅಂದ್ರು. ಡಾಕ್ಟರು ನನ್ನ ಮುಖ ನೋಡಿದ್ರು. ಸುಳ್ಳು ಹೇಳ್ತಾರೆ, ದಿನಾ ಕುಡೀತಾರೆ, ಬರ್ಕೊಳ್ಳಿ ಅಂತ ಹೇಳಿದೆ. ಅವರು ಹಾಸಿಗೆ ಮೇಲೆ ಮಲಗಿದ್ರು. ನನ್ನನ್ನೇ ನೋಡ್ತಾ ಇದ್ರು. ಅದಾದ ಮೇಲೆ ಅವರು ಯಾರಿಗೂ ಇಲ್ಲ ಅಂತ ಹೇಳಲೇ ಇಲ್ಲ."

ಅಳಲಿಲ್ಲವಂತೆ. ಅತ್ತಿದ್ದರೆ ಚೆನ್ನಾಗಿತ್ತು ಅನ್ನುತ್ತಾಳೆ ಕೋಚಕ್ಕ. ಕುರ್ಚಿಯಿಂದ ಏಳಲು ಹೋದವರಿಗೆ ಕಾಲು ನಿಲ್ಲಲಿಲ್ಲ. ತಮ್ಮ ಎತ್ತಿಕೊಂಡೇ ಹೊರಗೆ ತಂದ. ಕಾರಿಡಾರಿನಲ್ಲಿ ಅವನ ಹೆಗಲ ಮೇಲಿಂದ ಅಮ್ಮ ಒಂದೇ ಮಾತನ್ನು ಹೇಳಿಕೊಳ್ಳುತ್ತಿದ್ದರು: "ಅದು ಪಾಲಿಶಿನ ವಾಸನೆ. ಅದು ಬರೀ ಪಾಲಿಶಿನ ವಾಸನೆ."

ಆಮೇಲೆ ಅವರು ಮನೆಯಲ್ಲಿ ಊಟ ಬಿಟ್ಟರು, ಹೊಲಿಗೆ ಬಿಟ್ಟರು. ಕಿಟಕಿಯ ಪಕ್ಕ ಕೂತರೆ ಕೂತೇ ಇರುತ್ತಿದ್ದರು. ಮಗಳಿಗೆ 'ನೀನೂನಾ' ಅಂದದ್ದಕ್ಕೆ ಒಂದು ಸಲ ಕ್ಷಮೆ ಕೇಳಲು ಬಂದು, ಆಕೆಯ ಕಾಲನ್ನಷ್ಟೇ ಸವರಿ ಹೋದರು. ಗಟ್ಟಿ ನರಗಳ ಆ ಕಾಲು ನೋಡಿದಾಗ ಅವರಿಗೆ ಯಾರ ನೆನಪಾಯಿತೋ ಕೋಚಕ್ಕನಿಗೆ ಹೇಳಬೇಕಾಗಿರಲಿಲ್ಲ.

ಕೋಚಕ್ಕನದು ಬೇರೆ ಬಗೆಯ ದಿಗ್ಭ್ರಮೆ. ಇನ್ಸುಲಿನ್, ಕೊಬ್ಬಿಳಿಸುವ ಮಾತ್ರೆ, ಎಣ್ಣೆಯೇ ಕಾಣದ ಊಟ ಎಲ್ಲ ಶುರುವಾಗಿತ್ತು. ಈ ಕಾಯಿಲೆ ಹೃದಯಕ್ಕೂ ತೊಂದರೆ ಕೊಡಬಹುದೆಂದು ಅದನ್ನೂ ಪರೀಕ್ಷಿಸಿದರು, ಸದ್ಯಕ್ಕೆ ಏನೂ ಕಾಣಲಿಲ್ಲ. ವ್ಯಾಯಾಮ ಬಿಡಬೇಕಾಗಿಲ್ಲ, ಭಾರ ಮಾತ್ರ ಕಡಿಮೆ ಮಾಡಿ ಅಂದಿದ್ದರು. ಆದರೆ ಜಿಮ್ಮಿನ ಮೆಟ್ಟಿಲು ಹತ್ತಲು ಆಕೆಗೆ ಧೈರ್ಯ ಬರಲಿಲ್ಲ. ಕನ್ನಡಿ ಕಂಡರೆ ಮುಖ ತಿರುಗಿಸುತ್ತಿದ್ದಳು. ಕೊನೆಗೆ ಜಿಮ್ಮಿಗೆ ಬಂದ ದಿನ ನೇರವಾಗಿ ಮಾಲೀಕನ ಬಳಿ ಹೋಗಿ, "ಆ ಬೋರ್ಡ್ ತೆಗೀರಿ" ಅಂದಳು.

"ಯಾಕಕ್ಕಾ? ಜನ ಬರೋದೇ ಅದನ್ನ ನೋಡಿ!"

"ಹೀಗಾಗಬೇಕು ಅಂತ ಯಾರೂ ಬರಬಾರದು."

ಅವನು ಹಿಂದೆಮುಂದೆ ನೋಡಿದ. ಆಕೆ ತಾನೇ ಬೋರ್ಡನ್ನು ಹೊತ್ತುಕೊಂಡು ಹೋಗಿ ಟೈರ್ ಅಂಗಡಿಯ ಹಿಂದೆ ಮುಖ ಕೆಳಗೆ ಮಾಡಿ ಹಾಕಿ ಬಂದಳು. ಆಮೇಲೆ ನಮ್ಮ ಬ್ಯಾಚಿನ ಮುಂದೆ ನಿಂತು, ನಡೆದದ್ದನ್ನೆಲ್ಲ ಹೇಳಿದಳು. ನಾವು ತಲೆ ತಗ್ಗಿಸಿ ನಮ್ಮ ನಮ್ಮ ತೊಡೆ ನೋಡಿಕೊಂಡೆವು. ನನ್ನ ಪಕ್ಕದಲ್ಲಿದ್ದ ಬ್ಯಾಂಕಿನಾಕೆ ಮೆಲ್ಲಗೆ, "ನನ್ನ ಉಗ್ರಾಣ ಮಾತ್ರ ಭರ್ತಿ ಇದೆ" ಅಂದಳು. ಕೋಚಕ್ಕ ಬಿದ್ದ ದಿನದಿಂದ ನಾವು ನಕ್ಕದ್ದು ಅದೇ ಮೊದಲು. ಈಗ ಆಕೆ ಯಾರಿಗೂ ಸಣ್ಣಗಾಗಿ ಎಂದು ಹೇಳುವುದಿಲ್ಲ. ಉಸಿರು ಎಷ್ಟು ಹೊತ್ತು ನಿಲ್ಲುತ್ತದೆ, ಕಾಲಿಗೆ ಎಷ್ಟು ಬಲ ಬಂತು ಎಂದು ಕೇಳುತ್ತಾಳೆ.

ಉಳಿದದ್ದು ಮಗಳ ವಿಷಯ. ಕೋಚಕ್ಕನ ಒಬ್ಬಳೇ ಮಗಳು ಹೈಸ್ಕೂಲು. ಅವಳ ಕಾಲು ಎಲ್ಲ ಹುಡುಗಿಯರ ಕಾಲಿನ ಹಾಗೇ ಇತ್ತು, ನೋಡಿದವರು ಯಾರೂ ಏನೂ ಹೇಳುವಂತಿರಲಿಲ್ಲ. ಅದೇ ಧೈರ್ಯದಲ್ಲಿ ಪರೀಕ್ಷೆಗೆ ಕರೆದೊಯ್ದರು. ಎಂಆರ್‌ಐ ಚಿತ್ರದಲ್ಲಿ ತೊಡೆಯ ಬಿಳಿ ಅಂಚು ಮೀನಖಂಡದ ಹತ್ತಿರ ಬಂದಂತೆ ತೆಳುವಾಗಿತ್ತು, ಒಂದು ಕಡೆ ಹರಿದಿತ್ತು. ಕಣ್ಣಿಗೆ ಕಾಣದ್ದು ಚಿತ್ರಕ್ಕೆ ಕಂಡಿತ್ತು. ರಕ್ತದ ವರದಿಯೂ ಹೌದು ಅಂದಿತು. ಸಕ್ಕರೆ ಇನ್ನೂ ಸರಿಯಿದೆ, ಯಕೃತ್ತು ಸರಿಯಿದೆ, ಈ ವಯಸ್ಸಿಗೇ ಗೊತ್ತಾದದ್ದು ದೊಡ್ಡ ಅದೃಷ್ಟ ಎಂದರು ಡಾಕ್ಟರಮ್ಮ. ಕೋಚಕ್ಕನಿಗೆ ಅದೃಷ್ಟ ಅನ್ನುವ ಮಾತು ಕಿವಿಗೆ ಬೀಳಲೇ ಇಲ್ಲ. ಮನೆಗೆ ಬಂದು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಗಂಡ ಒಲೆ ಆರಿಸಿ ಪಕ್ಕದಲ್ಲಿ ಕೂತ. ಅವನ ಬಾಯಲ್ಲಿ ತಮಾಷೆ ಉಳಿದಿರಲಿಲ್ಲ.

ಹುಡುಗಿ ಮಾತ್ರ ಸೀದಾ ಕಿಟಕಿಯ ಬಳಿ ಹೋಗಿ ಅಜ್ಜಿಯ ಎದುರು ನಿಂತಳು.

"ಅಜ್ಜೀ, ನನಗೂ ಇದೆಯಂತೆ. ಅಜ್ಜನದು."

ಅಜ್ಜಿ ತಲೆಯೆತ್ತಿದರು. ಕಣ್ಣಲ್ಲಿ ಮತ್ತೆ ಅದೇ ಗಾಬರಿ. ಹುಡುಗಿಯನ್ನು ಎಳೆದು ಪಕ್ಕದಲ್ಲಿ ಕೂರಿಸಿಕೊಂಡು ಕೈಕಾಲು ಬೆನ್ನು ಎಲ್ಲ ಸವರಿದರು.

"ಅಜ್ಜ ಹೇಗಿದ್ರು?" ಎಂದು ಕೇಳಿದಳು ಹುಡುಗಿ. "ನನ್ನ ಮೈಯಲ್ಲಿದ್ದಾರೆ, ಹೇಗಿದ್ರು ಅಂತ ನಂಗೆ ಗೊತ್ತೇ ಇಲ್ಲ."

ಆ ಮನೆಯಲ್ಲಿ ಅಷ್ಟು ವರ್ಷ ಯಾರೂ ಕೇಳದ ಪ್ರಶ್ನೆ ಅದು. ಅಡುಗೆಮನೆಯಿಂದ ಕೋಚಕ್ಕ ಎದ್ದು ಬಂದಳು. ತಮ್ಮ ಅವತ್ತು ಅಲ್ಲೇ ಇದ್ದ, ಕೈಯಲ್ಲಿದ್ದ ಟೀ ಲೋಟ ಹಾಗೇ ನಿಂತಿತು. ಅಮ್ಮ ಎದ್ದು ಒಳಗೆ ಹೋಗುತ್ತಾರೆ ಎಂದೇ ಇಬ್ಬರೂ ಅಂದುಕೊಂಡರು.

ಅಮ್ಮ ಏಳಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡರು.

"ಹಲ್ಲಿ ಕಂಡ್ರೆ ಹೆದರಿ ಸಾಯ್ತಿದ್ರು," ಅಂದರು. "ಅಷ್ಟು ದೊಡ್ಡ ಆಳು. ನಾನು ಹೋಗಿ ಓಡಿಸಬೇಕಿತ್ತು."

ಹುಡುಗಿ ಫಕ್ಕನೆ ನಕ್ಕಳು. ಅಮ್ಮನ ತುಟಿಯೂ ಅಲುಗಿತು.

"ಒಂದ್ಸಲ ಯಾರದೋ ದೊಡ್ಡ ಮನೇಲಿ ಊಟದ ಮೇಜಿಗೆ ಪಾಲಿಶ್ ಹಾಕ್ತಾ ಇದ್ರಂತೆ. ಉಜ್ಜಿ ಉಜ್ಜಿ ಕನ್ನಡಿ ಹಾಗೆ ಮಾಡಿದ್ದಾರೆ. ಬಗ್ಗಿ ನೋಡಿದ್ರೆ ಒಳಗೆ ಯಾರೋ ಇದ್ದಾರೆ. ಮನೆ ಯಜಮಾನ ಹಿಂದೆ ಬಂದು ನಿಂತಿದ್ದಾನೆ, ಅವನ ಮುಖ. ಇವರು ಹಿಂದಕ್ಕೆ ತಿರುಗೋದು ಬಿಟ್ಟು ಮೇಜಿಗೇ ಕೈಮುಗಿದು ನಮಸ್ಕಾರ ಸ್ವಾಮಿ ಅಂದ್ರಂತೆ. ಮನೆಗೆ ಬಂದು ಅದನ್ನ ನನಗೆ ಮಾಡಿ ತೋರಿಸಿದ್ರು. ನಗು ತಡೀಲಾರದೆ ಇಬ್ಬರೂ..."

ಮುಂದಕ್ಕೆ ಆಗಲಿಲ್ಲ. ಆಗ ಅತ್ತರು, ದೊಡ್ಡ ದನಿ ತೆಗೆದು ಅತ್ತರು. 'ಕುಡಿದು ಸತ್ತ ಅಪ್ಪ' ಎಂಬ ಮೂರು ಪದಗಳ ಹೊರತು ಏನೂ ಇಲ್ಲದ ಕಡೆ ಮೊದಲ ಬಾರಿಗೆ ಒಬ್ಬ ಮನುಷ್ಯ ಎದ್ದು ನಿಂತದ್ದನ್ನು ಕಂಡು ಮಕ್ಕಳಿಬ್ಬರೂ ಬೆಪ್ಪಾಗಿ ಕೂತಿದ್ದರು. ಅತ್ತು ಮುಗಿಯುವವರೆಗೂ ಯಾರೂ ತಡೆಯಲಿಲ್ಲ. ಆಮೇಲೆ ತಮ್ಮ ಟೀ ಲೋಟವನ್ನು ಕೆಳಗಿಟ್ಟು ಅಮ್ಮನ ಹತ್ತಿರ ಸರಿದು ಕೂತ.

"ಅಮ್ಮಾ," ಅಂದ, "ಇನ್ನೊಂದು ಹೇಳು."